ಮೂಳೆಗೂ ಬೂಷ್ಟು ಹಿಡಿದೀತೆ?

ಮಲೆನಾಡಿನ ಮಳೆಗಾಲ ಕಂಡವರಿಗೆ ಬೂಷ್ಟಿನ ಪರಿಚಯ ಮಾಡಿಕೊಡಬೇಕಿಲ್ಲ. ಆಷಾಢ ಕಳೆಯುವುದರೊಳಗೆ ಚರ್ಮದ ಬೆಲ್ಟಿಗೆ, ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಉಪ್ಪು ಕಡಿಮೆಯಾದ ಉಪ್ಪಿನಕಾಯಿ ಜಾಡಿಯ ಬಾಯಿಗೆ ಅದು ಹತ್ತಿರುತ್ತದೆ. ಒರೆಸಿ ಬಿಸಿಲಿಗಿಟ್ಟರೆ ಮುಗಿಯಿತು. ಮನುಷ್ಯರ ಮೈಗೂ ಹತ್ತುವುದುಂಟು. ಹುಳುಕಡ್ಡಿ, ಗಜಕರ್ಣ ಎಲ್ಲ ಆ ಕುಲದವೇ. ಮುಲಾಮು ಹಚ್ಚಿ ಕಾದರೆ ಹೋಗುತ್ತವೆ. ಆದರೆ ಆ ಕುಲದ್ದೇ ಒಂದು ಶಿಲೀಂಧ್ರ ಚರ್ಮ ದಾಟಿ, ಮಾಂಸ ದಾಟಿ, ಮೂಳೆಯೊಳಗೆ ಹೋಗಿ ಮನೆ ಮಾಡಿದರೆ? ಅದೂ ಶಾಲೆಗೆ ಹೋಗಿಕೊಂಡು, ಆಡಿಕೊಂಡು ಇರುವ, ಬೇರೆ ಯಾವ ಕಾಯಿಲೆಯೂ ಇಲ್ಲದ ಮಗುವಿನ ಮೂಳೆಯಲ್ಲಿ?

ಅಪರೂಪಕ್ಕಾದರೂ ಹಾಗೆ ಆಗುತ್ತದೆ. ಅಪರೂಪವಾಗಿರುವುದೇ ಅದರ ಅಪಾಯವೂ ಹೌದು. ಯಾರಿಗೂ ಅನುಮಾನ ಬರುವುದಿಲ್ಲ.

2021ರಲ್ಲಿ ಕೊರೊನಾದ ಎರಡನೆಯ ಅಲೆಯ ಬೆನ್ನಿಗೇ ಬಂದ ‘ಬ್ಲ್ಯಾಕ್ ಫಂಗಸ್’ ಜನರ ನೆನಪಿನಲ್ಲಿದೆ. ದವಡೆ, ಕಣ್ಣಿನ ಗೂಡು, ಮೂಗಿನ ಹಿಂದಿನ ಮೂಳೆಗಳನ್ನು ಅದು ತಿಂದ ರೀತಿಗೆ ವೈದ್ಯರೇ ಬೆಚ್ಚಿದ್ದರು. ಆಗ ಎಲ್ಲರೂ ಕಲಿತ ಪಾಠ ಒಂದೇ: ಶಿಲೀಂಧ್ರ ಬಡವಾದ ದೇಹವನ್ನು ಹುಡುಕುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಸ್ಟಿರಾಯ್ಡ್ ಹೆಚ್ಚು ತೆಗೆದುಕೊಂಡವರು ಅದಕ್ಕೆ ಸಿಕ್ಕಿದರು. ಪಾಠ ಸುಳ್ಳಲ್ಲ. ಆದರೆ ಅದನ್ನು ತಿರುಗಿಸಿ, ಆರೋಗ್ಯವಂತ ಮಗುವಿಗೆ ಶಿಲೀಂಧ್ರ ಬರುವುದೇ ಇಲ್ಲ ಎಂದುಕೊಂಡರೆ ಎಡವಟ್ಟಾಗುತ್ತದೆ.

ಮಕ್ಕಳ ಮೂಳೆಯ ಸೋಂಕು ಹೊಸತೇನಲ್ಲ. ಬೆಳೆಯುವ ಮೂಳೆಯ ತುದಿಯ ಹತ್ತಿರ, ಮೊಣಕಾಲಿನ ಮೇಲೆ ಕೆಳಗೆ, ತೊಡೆಸಂದಿಯ ಬಳಿ, ಸಣ್ಣ ರಕ್ತನಾಳಗಳು ಹೇರ್‌ಪಿನ್‌ನಂತೆ ಬಾಗಿ ಹಿಂತಿರುಗುತ್ತವೆ. ಆ ತಿರುವಿನಲ್ಲಿ ರಕ್ತದ ಓಟ ನಿಧಾನ. ಎಲ್ಲಿಂದಲೋ ರಕ್ತಕ್ಕೆ ಸೇರಿದ ರೋಗಾಣು ಅಲ್ಲಿ ತಂಗಲು ಅನುಕೂಲ. ಹೀಗೆ ತಂಗುವುದು ಬಹುಪಾಲು ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯ. ಅದು ಗಲಾಟೆಯ ಅತಿಥಿ: ಎರಡು ಮೂರು ದಿನದಲ್ಲಿ ಸುಡುವ ಜ್ವರ, ಮುಟ್ಟಿದರೆ ಕಿರುಚುವ ನೋವು, ಬಾವು. ತಡಮಾಡದೆ ಆಸ್ಪತ್ರೆಗೆ ಓಡುವಂತೆ ಮಾಡುತ್ತದೆ.

ಶಿಲೀಂಧ್ರದ ಸ್ವಭಾವವೇ ಬೇರೆ. ಜ್ವರ ಇದ್ದರೂ ಸಂಜೆ ಹೊತ್ತು ಒಂಚೂರು. ನೋವು ಇದ್ದೂ ಇಲ್ಲದಂತೆ. ಮಗು ತುಸು ಕುಂಟುತ್ತದೆ. ಆಟದಲ್ಲಿ ಬಿದ್ದಿರಬೇಕು ಎಂದು ಎಣ್ಣೆ ಹಚ್ಚುತ್ತಾರೆ, ಪಟ್ಟು ಹಾಕಿಸುತ್ತಾರೆ. ಒಂದು ತಿಂಗಳು ಕಳೆಯುತ್ತದೆ, ಎರಡು ಕಳೆಯುತ್ತದೆ. ಕೊನೆಗೆ ಎಕ್ಸ್-ರೇ ತೆಗೆದರೆ ಮೂಳೆಯಲ್ಲಿ ಗೆದ್ದಲು ತಿಂದಂಥ ಒಂದು ತೂತು. ಆ ತೂತಿಗೆ ಹಲವು ಅರ್ಥಗಳಿವೆ. ಮೂಳೆಯ ಕ್ಯಾನ್ಸರ್ ಹಾಗೇ ಕಾಣಬಹುದು. ಕ್ಷಯ ಖಂಡಿತ ಹಾಗೆ ಕಾಣುತ್ತದೆ.

ಕ್ಷಯದ ನೆರಳು

ನಮ್ಮ ದೇಶದಲ್ಲಿ ಕ್ಷಯ ಎಷ್ಟು ಸಾಮಾನ್ಯವೆಂದರೆ, ನಿಧಾನವಾಗಿ ಸವೆಯುತ್ತಿರುವ ಮೂಳೆಯನ್ನು ಕಂಡ ವೈದ್ಯರ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಹೋಗಬೇಕಾದದ್ದೇ, ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾದ ಊಹೆ ಎನ್ನೋಣ. ಸಂಕಟ ಇರುವುದು ಆ ಉಳಿದ ಒಂದರಲ್ಲಿ. ಬಯಾಪ್ಸಿ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಕ್ಷಯ ಮತ್ತು ಶಿಲೀಂಧ್ರ ಎರಡೂ ಒಂದೇ ವೇಷ ಹಾಕುತ್ತವೆ. ಓಡಿಸಲಾಗದ ಶತ್ರುವಿನ ಸುತ್ತ ದೇಹ ಕಟ್ಟುವ ಕಣಗಳ ಗೋಡೆ, ಅಂದರೆ ‘ಗ್ರಾನ್ಯುಲೋಮ’, ಎರಡರಲ್ಲೂ ಇರುತ್ತದೆ. ಗೋಡೆ ಕಂಡ ಕೂಡಲೇ ಕ್ಷಯವೆಂದು ಬರೆದು ಔಷಧಿ ಶುರು ಮಾಡಿದರೆ, ತಪ್ಪು ಗೊತ್ತಾಗುವ ಹೊತ್ತಿಗೆ ಮಗುವಿನ ಬೆನ್ನೆಲುಬಿನ ಒಂದು ಬಿಲ್ಲೆ ಕುಸಿದಿರಬಹುದು.

ತಪ್ಪನ್ನು ತಪ್ಪಿಸುವ ಉಪಾಯ ಕೇಳಿದರೆ ಇಷ್ಟು ಸುಲಭವೇ ಅನ್ನಿಸುತ್ತದೆ. ಮೂಳೆಯ ಚೂರನ್ನು ಒಂದಲ್ಲ, ಎರಡು ಬಾಟಲಿಗೆ ಹಾಕಬೇಕು. ಒಂದರಲ್ಲಿ ಫಾರ್ಮಲಿನ್, ಅದು ಸೂಕ್ಷ್ಮದರ್ಶಕದವರಿಗೆ. ಇನ್ನೊಂದರಲ್ಲಿ ಬರೀ ಶುದ್ಧ ಸಲೈನ್ ನೀರು. ಅದು ರೋಗಾಣುವನ್ನು ಬೆಳೆಸಿ ನೋಡುವವರಿಗೆ. ಫಾರ್ಮಲಿನ್‌ಗೆ ಬಿದ್ದದ್ದು ಸತ್ತಂತೆ. ಅದರಿಂದ ಶಿಲೀಂಧ್ರವನ್ನೂ ಬೆಳೆಸಲಾಗದು, ಕ್ಷಯದ ರೋಗಾಣುವನ್ನೂ ಬೆಳೆಸಲಾಗದು. ಆಪರೇಷನ್ ಥಿಯೇಟರಿನ ಗಡಿಬಿಡಿಯಲ್ಲಿ ಎರಡನೆಯ ಬಾಟಲಿ ಮರೆತುಹೋದರೆ, ಮಗುವನ್ನು ಮತ್ತೊಮ್ಮೆ ಕುಯ್ಯದೆ ಉತ್ತರ ಸಿಗುವುದು ಕಷ್ಟ. ಸಲೈನ್ ಬಾಟಲಿಯ ಚೂರಿನ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಸ್ವಲ್ಪ ಹೊತ್ತು ಕಾದರೆ ಮಾಂಸ ಕರಗಿ ಶಿಲೀಂಧ್ರದ ಎಳೆಗಳು ಕಣ್ಣಿಗೆ ಬೀಳಬಹುದು. ಫಾರ್ಮಲಿನ್ ಬಾಟಲಿಯದಕ್ಕೆ ಬೆಳ್ಳಿಯ ಬಣ್ಣ ಹಾಕುತ್ತಾರೆ. ಶಿಲೀಂಧ್ರವಿದ್ದರೆ ಹಸಿರು ಹಿನ್ನೆಲೆಯಲ್ಲಿ ಕಪ್ಪು ಕಡ್ಡಿಗಳಂತೆ ಎದ್ದು ಕಾಣುತ್ತದೆ. ದುಬಾರಿ ಯಂತ್ರವೇನೂ ಬೇಕಿಲ್ಲ. ಕೇಳುವವರು ಬೇಕು, ಅಷ್ಟೆ. ಬೆಳೆಸಿ ನೋಡುವ ಪರೀಕ್ಷೆಗೆ ಮಾತ್ರ ನಾಲ್ಕು ವಾರದವರೆಗೆ ತಾಳ್ಮೆ ಬೇಕು.

ಯಾವುದಕ್ಕೂ ಇರಲಿ ಎಂದು ಎರಡಕ್ಕೂ ಒಟ್ಟಿಗೆ ಔಷಧಿ ಕೊಟ್ಟರಾಗದೆ? ಇದು ಅನೇಕ ತಂದೆತಾಯಿಯರು ಕೇಳುವ ಪ್ರಶ್ನೆ. ಇಲ್ಲೊಂದು ಗುಟ್ಟಾದ ಗುಂಡಿಯಿದೆ. ಕ್ಷಯದ ಔಷಧಿಗಳಲ್ಲಿ ರಿಫಾಂಪಿಸಿನ್ ಮುಖ್ಯವಾದದ್ದು; ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಮಾತ್ರೆ ಅದೇ. ಅದು ಪಿತ್ತಕೋಶದ ಪಕ್ಕದ ಯಕೃತ್ತನ್ನು ಚುರುಕುಗೊಳಿಸುತ್ತದೆ. ಚುರುಕಾದ ಯಕೃತ್ತು ಶಿಲೀಂಧ್ರದ ಔಷಧಿಗಳಾದ ಇಟ್ರಕೊನಜೋಲ್, ವೊರಿಕೊನಜೋಲ್‌ಗಳನ್ನು ರಕ್ತದಲ್ಲಿ ನಿಲ್ಲಗೊಡದೆ ಅರೆದು ಹಾಕುತ್ತದೆ. ಮಗು ಎರಡೂ ಮಾತ್ರೆ ನುಂಗುತ್ತಿರುತ್ತದೆ. ಒಂದು ಇನ್ನೊಂದನ್ನು ನುಂಗಿರುತ್ತದೆ. ಹಾಗಾಗಿ ಇಲ್ಲಿ ಅಂದಾಜಿನ ಮೇಲೆ ನಡೆಯುವಂತಿಲ್ಲ. ಕ್ಷಯವೋ ಅಲ್ಲವೋ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಸೂಚಿಸುವ ಸಿಬಿ-ನ್ಯಾಟ್ ಪರೀಕ್ಷೆ ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಮೂಳೆಯಲ್ಲಿ ಕ್ಷಯದ ರೋಗಾಣುಗಳು ಕಡಿಮೆ ಇರುವುದರಿಂದ ಆ ಪರೀಕ್ಷೆ ‘ಇಲ್ಲ’ ಎಂದ ಮಾತ್ರಕ್ಕೆ ಕ್ಷಯ ಇಲ್ಲವೆಂದಾಗದು. ಆದರೆ ‘ಇಲ್ಲ’ ಎಂದಾಗ, ಜೊತೆಗೆ ಔಷಧಿಗೂ ಮಗು ಚೇತರಿಸಿಕೊಳ್ಳದಿದ್ದಾಗ, ಶಿಲೀಂಧ್ರದ ಹೆಸರೆತ್ತಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಬಳ್ಳಾರಿಯ ಒಂದು ಪಾದ

ಮೂಳೆಗೆ ಇಳಿಯುವ ಶಿಲೀಂಧ್ರದ ಕಥೆ ವೈದ್ಯಲೋಕಕ್ಕೆ ಮೊದಲು ಗೊತ್ತಾದದ್ದು ನಮ್ಮ ನೆಲದಿಂದಲೇ ಎಂಬುದು ಕುತೂಹಲದ ಸಂಗತಿ. 1842ರಲ್ಲಿ ಮಧುರೆಯ ಔಷಧಾಲಯದಲ್ಲಿದ್ದ ಗಿಲ್ ಎಂಬ ವೈದ್ಯ ಊದಿಕೊಂಡು ತೂತುಬಿದ್ದ ಪಾದಗಳ ಬಗ್ಗೆ ವರದಿ ಮಾಡಿದ. 1846ರಲ್ಲಿ ಬಳ್ಳಾರಿಯಲ್ಲಿದ್ದ ಗಾಡ್‌ಫ್ರಿ ಎಂಬಾತ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಗೆ, ಈವರೆಗೆ ಯಾರೂ ವರ್ಣಿಸದ ಪಾದದ ಕಾಯಿಲೆ ಎಂದು ಬರೆದು ಕಳಿಸಿದ. ಹೆಸರಿನ ಕೀರ್ತಿ ಮಾತ್ರ ಮಧುರೆಗೆ ಹೋಯಿತು; ಇವತ್ತಿಗೂ ಅದು ‘ಮಧುರಾ ಪಾದ’ವೇ. ಯಾರೂ ವರ್ಣಿಸಿರಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ನಮ್ಮ ಹಳೆಯ ಗ್ರಂಥಗಳ ‘ಪಾದವಲ್ಮೀಕ’ ಇದೇ ಇರಬೇಕೆಂದು ವೈದ್ಯ ಇತಿಹಾಸಕಾರರು ಹೇಳುತ್ತಾರೆ. ಹುತ್ತದಂತೆ ಬೆಳೆದು, ಹುತ್ತದಂತೆಯೇ ಬಾಯಿಬಾಯಿ ಬಿಟ್ಟ ಕಾಲಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇದು ಶಿಲೀಂಧ್ರದ ಕೆಲಸ ಎಂದು ತೋರಿಸಿದವನು ಮುಂಬಯಿಯಲ್ಲಿದ್ದ ಹೆನ್ರಿ ವಾನ್‌ಡೈಕ್ ಕಾರ್ಟರ್. 1858ರಲ್ಲಿ ಪ್ರಕಟವಾಗಿ ಇಂದಿಗೂ ವೈದ್ಯ ವಿದ್ಯಾರ್ಥಿಗಳ ಕೈಯಲ್ಲಿರುವ ‘ಗ್ರೇಸ್ ಅನಾಟಮಿ’ಗೆ ಚಿತ್ರ ಬರೆದವನು ಇವನೇ. ಹೆಸರು ಗ್ರೇಯದು, ಗೆರೆಗಳು ಕಾರ್ಟರನವು. ಮೂಳೆಗಳನ್ನು ಅಷ್ಟು ಚೆನ್ನಾಗಿ ಬರೆಯಬಲ್ಲ ಕಣ್ಣಿಗೇ ಮೂಳೆಯೊಳಗಿನ ಕಪ್ಪು ಕಾಳುಗಳೂ ಕಂಡವು. 1874ರಲ್ಲಿ ಅವನು ಈ ಕಾಯಿಲೆಯ ಮೇಲೆ ಒಂದು ಪುಸ್ತಕವನ್ನೇ ತಂದ.

ಬರಿಗಾಲಿನಲ್ಲಿ ಕುರಿ ಮೇಯಿಸುವ ಹುಡುಗನಿಗೆ ಜಾಲಿಮುಳ್ಳು ಚುಚ್ಚುತ್ತದೆ. ಮುಳ್ಳಿನ ಜೊತೆ ಮಣ್ಣಿನ ಶಿಲೀಂಧ್ರವೂ ಒಳಗೆ ಹೋಗುತ್ತದೆ. ಮುಳ್ಳು ಕಿತ್ತದ್ದೂ ಮರೆತುಹೋದ ಮೇಲೆ, ತಿಂಗಳುಗಳೋ ವರ್ಷಗಳೋ ಕಳೆದು, ನೋವಿಲ್ಲದ ಒಂದು ಗಂಟು. ನೋವಿಲ್ಲ ಎಂಬುದೇ ಮೋಸ. ನೋಯದ ಗಂಟನ್ನು ಹೊತ್ತುಕೊಂಡು ಯಾರು ಪಟ್ಟಣದ ಆಸ್ಪತ್ರೆಗೆ ಹೋಗುತ್ತಾರೆ? ಗಂಟು ಒಡೆದು, ರಂಧ್ರಗಳಾಗಿ, ಗಸಗಸೆ ಗಾತ್ರದ ಕಾಳುಗಳು ಉದುರತೊಡಗುತ್ತವೆ. ಆ ಹೊತ್ತಿಗೆ ಪಾದದ ಸಣ್ಣ ಮೂಳೆಗಳು ಜರಡಿಯಾಗಿರುತ್ತವೆ. ಕಾಳಿನ ಬಣ್ಣವನ್ನು ಗಮನಿಸುವುದು ಮುಖ್ಯ. ಕಪ್ಪಾದರೆ ಶಿಲೀಂಧ್ರ. ಕೆಂಪಾದರೆ ಅದು ಶಿಲೀಂಧ್ರವೇ ಅಲ್ಲ, ಎಳೆಯಂತೆ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯ. ಬಿಳಿ, ಹಳದಿಯಾದರೆ ಎರಡೂ ಆಗಬಹುದು. ದಕ್ಷಿಣ ಭಾರತದಲ್ಲಿ ಬ್ಯಾಕ್ಟೀರಿಯದ ಬಗೆಯೇ ಹೆಚ್ಚು. ರಾಜಸ್ಥಾನದ ಕಡೆ ಶಿಲೀಂಧ್ರದ್ದು. ಬ್ಯಾಕ್ಟೀರಿಯ ಬಗೆಯು ಆಂಟಿಬಯಾಟಿಕ್‌ಗಳಿಗೆ ಬಗ್ಗುತ್ತದೆ. ಶಿಲೀಂಧ್ರವಾದರೆ ವರ್ಷಗಟ್ಟಲೆ ಮಾತ್ರೆ, ಶಸ್ತ್ರಚಿಕಿತ್ಸೆ, ಅಷ್ಟಾದರೂ ಮರುಕಳಿಕೆ, ಕೊನೆಗೆ ಕಾಲನ್ನೇ ತೆಗೆಯುವುದು.

ಈ ಕಾಯಿಲೆಯ ಮಕ್ಕಳನ್ನು ಜಗತ್ತಿನಲ್ಲೇ ಹೆಚ್ಚು ಕಂಡದ್ದು ಸುಡಾನ್. ಅಲ್ಲಿನ ಖಾರ್ಟೂಮಿನಲ್ಲಿ 1991ರಲ್ಲಿ ಅಹಮದ್ ಹಸನ್ ಫಹಾಲ್ ಎಂಬ ಶಸ್ತ್ರವೈದ್ಯರು ಇದಕ್ಕೆಂದೇ ಒಂದು ಕೇಂದ್ರ ಕಟ್ಟಿದರು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡೆಗಣಿಸಲ್ಪಟ್ಟವರ ಪಟ್ಟಿಯಲ್ಲೂ ಜಾಗ ಸಿಗಲು ಅಷ್ಟು ಕಾಲ ಕಾಯಬೇಕಾಯಿತು. ಪ್ರತಿದಿನ ನುಂಗಬೇಕಾದ ದುಬಾರಿ ಇಟ್ರಕೊನಜೋಲ್ ಬದಲು ವಾರಕ್ಕೊಮ್ಮೆ ನುಂಗಿದರೆ ಸಾಕಾಗುವ ಫಾಸ್‌ರಾವುಕೊನಜೋಲ್ ಎಂಬ ಜಪಾನಿನ ಔಷಧಿಯನ್ನು ಪರೀಕ್ಷಿಸಿದ್ದು ಇದೇ ಕೇಂದ್ರ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ, 2023ರ ಏಪ್ರಿಲ್‌ನಲ್ಲಿ, ಖಾರ್ಟೂಮಿನ ಬೀದಿಗಳಲ್ಲಿ ಯುದ್ಧ ಶುರುವಾಗಿತ್ತು. ದಶಕಗಳಿಂದ ಕೂಡಿಟ್ಟ ರೋಗಿಗಳ ದಾಖಲೆ, ಅಂಗಾಂಶದ ಮಾದರಿಗಳ ಸಮೇತ ಕೇಂದ್ರ ನಾಶವಾಗಿರುವುದು 2025ರಲ್ಲಿ ಹೊರಜಗತ್ತಿಗೆ ತಿಳಿಯಿತು.

ಉಸಿರಿನ ದಾರಿ

ಮುಳ್ಳು ಒಂದು ದಾರಿಯಾದರೆ ಉಸಿರು ಇನ್ನೊಂದು. 1984ರ ಜೂನ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಈಗಲ್ ರಿವರ್ ಎಂಬಲ್ಲಿ ಶಾಲಾ ಮಕ್ಕಳ ಗುಂಪುಗಳು ಪರಿಸರ ಶಿಬಿರಕ್ಕೆ ಹೋಗಿದ್ದವು. ಕೊಳದ ದಡದಲ್ಲಿ ಬೀವರ್ ಎಂಬ ಪ್ರಾಣಿ ಕಟ್ಟಿಗೆ ಒಟ್ಟಿ ಕಟ್ಟಿದ ಗೂಡನ್ನು ಹತ್ತಿ ಇಳಿದು ನೋಡಿದರು. ಮಕ್ಕಳು ಮಾಡುವಂಥದೇ ಕೆಲಸ. ಆಮೇಲೆ ಒಬ್ಬೊಬ್ಬರಾಗಿ ಕೆಮ್ಮಿ ಮಲಗಿದರು. ಪರೀಕ್ಷಿಸಿದ 95 ಜನರಲ್ಲಿ 48 ಮಂದಿಗೆ ಬ್ಲಾಸ್ಟೊಮೈಸಿಸ್ ಎಂಬ ಶಿಲೀಂಧ್ರ ತಗುಲಿತ್ತು. ಗೂಡಿನ ಬಳಿಯ ತೇವದ ಮಣ್ಣಿನಲ್ಲೂ ಕೊಳೆತ ಕಟ್ಟಿಗೆಯಲ್ಲೂ ಅದು ಸಿಕ್ಕಿತು. ಅವರಾರೂ ಬಡಕಲು ಮಕ್ಕಳಲ್ಲ. ಕೆಲವು ಶಿಲೀಂಧ್ರಗಳಿಗೆ ದುರ್ಬಲ ದೇಹವೇ ಬೇಕೆಂದಿಲ್ಲ, ಒಂದು ಗುಕ್ಕು ಉಸಿರು ಸಾಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಶ್ವಾಸಕೋಶದಲ್ಲೇ ಅದು ವಾಸಿಯಾದರೆ ಸರಿ. ಅಲ್ಲಿಂದ ರಕ್ತಕ್ಕಿಳಿದರೆ ಈ ಜಾತಿಯ ಶಿಲೀಂಧ್ರಕ್ಕೆ ಚರ್ಮ ಬಿಟ್ಟರೆ ಪ್ರಿಯವಾದ ಜಾಗ ಮೂಳೆ.

ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆ, ಅರಿಜೋನಾದ ಮರುಭೂಮಿಗಳ ಧೂಳಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಇನ್ನೊಂದಿದೆ. ಅದರದೂ ಇದೇ ಚಾಳಿ. ಭಾರತದ ಮಣ್ಣಿನಲ್ಲಿ ಅದು ಇಲ್ಲ. ಆದರೆ ಮಗನ ಮನೆ, ಮಗಳ ಮನೆ ಎಂದು ಅಲ್ಲಿಗೆ ಹೋಗಿಬರುವ ಕನ್ನಡ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಮಗುವಿಗೆ ವಿಚಿತ್ರ ಮೂಳೆ ಸೋಂಕು ಬಂದಾಗ ಹೋದ ವರ್ಷದ ಪ್ರವಾಸವನ್ನೂ ವೈದ್ಯರಿಗೆ ಹೇಳುವುದು ಒಳ್ಳೆಯದು. ಅವರು ಕೇಳದಿದ್ದರೂ.

ಆರೋಗ್ಯವಂತ ಮಗು, ನಿಜವೇ?

ಮುಳ್ಳೂ ಇಲ್ಲ, ಪ್ರವಾಸವೂ ಇಲ್ಲ. ಮೂಳೆಯಲ್ಲಿ ಸಿಕ್ಕಿದ್ದು ಆಸ್ಪರ್ಜಿಲಸ್. ಇದು ಎಲ್ಲೆಲ್ಲೂ ಇರುವ ಬಡಪಾಯಿ ಬೂಷ್ಟು. ಇದರ ಬೀಜಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. 1729ರಲ್ಲಿ ಇದಕ್ಕೆ ಹೆಸರಿಟ್ಟ ಇಟಲಿಯ ಮಿಚೆಲಿ ಎಂಬ ಪಾದ್ರಿಗೆ ಇದರ ಆಕಾರ ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಕೋಲಿನಂತೆ ಕಂಡಿತ್ತಂತೆ. ಇಂಥ ಸಾಧು ಬೂಷ್ಟು ಮಗುವಿನ ಪಕ್ಕೆಲುಬನ್ನೋ ಬೆನ್ನೆಲುಬನ್ನೋ ತಿಂದಿದೆಯೆಂದರೆ, ಶಿಲೀಂಧ್ರವನ್ನು ಬಿಟ್ಟು ಮಗುವಿನ ಕಡೆ ತಿರುಗಬೇಕು. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಾಣುವ ಈ ಮಗು ನಿಜಕ್ಕೂ ಆರೋಗ್ಯವಾಗಿದೆಯೇ?

1950ರ ದಶಕದಲ್ಲಿ ಅಮೆರಿಕದ ವೈದ್ಯರನ್ನು ಕೆಲವು ಹುಡುಗರು ಹೀಗೇ ಕಾಡಿದರು. ಮೇಲಿಂದ ಮೇಲೆ ಸೋಂಕು, ಊದಿದ ಗಡ್ಡೆಗಳು, ಯಕೃತ್ತಿನಲ್ಲಿ ಕೀವು. ರೋಗನಿರೋಧಕ ಪ್ರತಿಕಾಯಗಳು ಕಡಿಮೆಯಿರಬೇಕೆಂದು ನೋಡಿದರೆ ಮಾಮೂಲಿಗಿಂತ ಹೆಚ್ಚೇ ಇದ್ದವು. 1957ರಲ್ಲಿ ಮಿನ್ನೆಸೋಟದಲ್ಲಿ ರಾಬರ್ಟ್ ಗುಡ್ ಮತ್ತು ಸಂಗಡಿಗರು ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿ, ಅದರ ಹೆಸರಿಗೇ ಮಾರಕ ಎಂಬ ವಿಶೇಷಣ ಸೇರಿಸಿದರು. ಗುಟ್ಟು ಬಯಲಾದದ್ದು ಹತ್ತು ವರ್ಷದ ನಂತರ. ಆ ಹುಡುಗರ ಬಿಳಿ ರಕ್ತಕಣಗಳು ರೋಗಾಣುವನ್ನು ಹಿಡಿಯುತ್ತಿದ್ದವು, ನುಂಗುತ್ತಲೂ ಇದ್ದವು, ಕೊಲ್ಲುತ್ತಿರಲಿಲ್ಲ. ನುಂಗಿದ್ದನ್ನು ಸುಡಲು ಆಮ್ಲಜನಕದಿಂದ ತೀಕ್ಷ್ಣ ರಾಸಾಯನಿಕ ತಯಾರಿಸುವ ಕಿಣ್ವ ಅವುಗಳಲ್ಲಿ ಕೆಟ್ಟಿತ್ತು. ಒಲೆಯಿದೆ, ಬೆಂಕಿಯಿಲ್ಲ. ‘ಕ್ರಾನಿಕ್ ಗ್ರಾನ್ಯುಲೋಮಾಟಸ್ ಡಿಸೀಸ್’, ಚುಟುಕಾಗಿ ಸಿ.ಜಿ.ಡಿ. ಎಂದು ಕರೆಯುವ ಈ ದೋಷ ಸುಮಾರು ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದಕ್ಕೆ ಎಂಬ ಲೆಕ್ಕವಿದೆ.

ವಿಶೇಷವೆಂದರೆ ಅಂಥ ಕೆಲವು ಮಕ್ಕಳಲ್ಲಿ ಮೊದಲ ಸೂಚನೆಯೇ ಮೂಳೆಯ ಶಿಲೀಂಧ್ರ. ಇವರಲ್ಲಿ ಆಸ್ಪರ್ಜಿಲಸ್ ನಿಡ್ಯುಲನ್ಸ್ ಎಂಬ ಜಾತಿ ಹೆಚ್ಚು ಕಾಟ ಕೊಡುತ್ತದೆ. ಶ್ವಾಸಕೋಶದಿಂದ ಪಕ್ಕದ ಮೂಳೆಗೆ ಗೋಡೆ ಹಾರಿದಂತೆ ದಾಟುತ್ತದೆ. ತಮಾಷೆಯೆಂದರೆ ತಳಿವಿಜ್ಞಾನಿಗಳ ಪ್ರಯೋಗಶಾಲೆಗಳಲ್ಲಿ ಇದು ದಶಕಗಳಿಂದ ಮುದ್ದಿನ ಸಾಕುಪ್ರಾಣಿ.

ಪರೀಕ್ಷೆ ಕಷ್ಟದ್ದಲ್ಲ. ಹಿಂದೆ ಒಂದು ಹಳದಿ ಬಣ್ಣವನ್ನು ರಕ್ತಕ್ಕೆ ಸೇರಿಸಿ ನೋಡುತ್ತಿದ್ದರು. ಸರಿಯಿರುವ ಕಣಗಳು ಅದನ್ನು ನೀಲಿ ಮಾಡುತ್ತವೆ, ಕೆಟ್ಟವು ಹಳದಿಯಾಗಿಯೇ ಬಿಡುತ್ತವೆ. ಈಗ ಡಿ.ಎಚ್.ಆರ್. ಎಂಬ ಇನ್ನೂ ಖಚಿತವಾದ ಪರೀಕ್ಷೆಯಿದೆ, ಒಂದೆರಡು ಎಂ.ಎಲ್. ರಕ್ತ ಸಾಕು. ಚಂಡೀಗಢದ ಪಿ.ಜಿ.ಐ. ಸಂಸ್ಥೆ ಇಂಥ ಮಕ್ಕಳ ಚಿಕಿತ್ಸೆಯಲ್ಲೂ ಶಿಲೀಂಧ್ರಗಳನ್ನು ಗುರುತಿಸುವುದರಲ್ಲೂ ದೇಶಕ್ಕೇ ಹೆಸರಾಗಿದೆ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ ಸಿ.ಜಿ.ಡಿ. ಸೇರಿದೆ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಕೆಲಸ ಮಾಡುವ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಅಸ್ಥಿಮಜ್ಜೆಯ ಕಸಿ ಫಲಿಸಿದರೆ ಕಾಯಿಲೆ ಬುಡಸಮೇತ ಹೋಗುತ್ತದೆ. ಕಸಿಯಾಗದವರಿಗೆ ದಿನವೂ ಕೋಟ್ರೈಮಾಕ್ಸಜೋಲ್ ಮತ್ತು ಇಟ್ರಕೊನಜೋಲ್. ಎರಡನೆಯದು ಶಿಲೀಂಧ್ರವನ್ನು ದೂರವಿಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಟ್ರಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲೋ, ಎದೆಯುರಿಯ ಮಾತ್ರೆಯ ಜೊತೆಗೋ ನುಂಗಿದರೆ ಅರ್ಧಂಬರ್ಧ ಮೈಗೆ ಹತ್ತುತ್ತದೆ. ಈ ಮಾತನ್ನು ಚೀಟಿಯ ಮೇಲೆ ಬರೆದುಕೊಡುವವರು ಕಡಿಮೆ.

ಮೂಳೆಗೆ ಇಳಿದ ಮೇಲಂತೂ ಅವಸರಕ್ಕೆ ಬೆಲೆಯಿಲ್ಲ. ಕೊಳೆತ ಮೂಳೆಯನ್ನು ಕೆರೆದು ತೆಗೆಯಬೇಕು. ಆಸ್ಪರ್ಜಿಲಸ್ ಆದರೆ ವೊರಿಕೊನಜೋಲ್, ಕೆಲವಕ್ಕೆ ನಾಳದ ಮೂಲಕ ಆಂಫೊಟೆರಿಸಿನ್. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ. ನೋವು ಹೋಯಿತೆಂದು ಮಧ್ಯದಲ್ಲಿ ನಿಲ್ಲಿಸಿದರೆ ಮೊದಲಿನಿಂದ ಶುರು.

ಮಗುವಿಗೆ ಸಿ.ಜಿ.ಡಿ. ಇದೆಯೆಂದು ಗೊತ್ತಾದ ದಿನವೇ ಮನೆಯ ಉಳಿದ ಮಕ್ಕಳ ರಕ್ತವನ್ನೂ ನೋಡಬೇಕಾಗುತ್ತದೆ. ದೋಷದ ಒಂದು ಬಗೆ ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುತ್ತದೆ. ಬಹುಪಾಲು ಗಂಡುಮಕ್ಕಳಿಗೇ ಕಾಯಿಲೆ. ಇನ್ನೊಂದು ಬಗೆಗೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾಗುವ ನಮ್ಮ ಕಡೆ ಅದಕ್ಕೆ ಅವಕಾಶ ಹೆಚ್ಚು. ಆಗ ಹೆಣ್ಣುಮಕ್ಕಳೂ ಹೊರತಲ್ಲ. ಆಡಿಕೊಂಡಿರುವ ತಮ್ಮನಿಗೆ ಯಾಕೆ ಸೂಜಿ ಚುಚ್ಚುತ್ತೀರಿ ಎಂದು ಮನೆಯ ಹಿರಿಯರು ಗೊಣಗುವುದು ಸಹಜ. ಆದರೆ ಅಣ್ಣನೂ ಹಾಗೆಯೇ ಆಡಿಕೊಂಡಿದ್ದವನು.

ಹಳ್ಳಿಯ ಮನೆಯಾದರೆ ವೈದ್ಯರು ಇನ್ನೊಂದಷ್ಟು ಕೇಳುತ್ತಾರೆ. ತಿಪ್ಪೆಗುಂಡಿ ಎಷ್ಟು ದೂರ, ಹುಲ್ಲಿನ ಬಣವೆ ಎಲ್ಲಿದೆ, ದರಗು ಗುಡಿಸಿ ಎಲ್ಲಿ ಒಟ್ಟುತ್ತೀರಿ. ಸಿ.ಜಿ.ಡಿ. ಇದೆಯೆಂದೇ ಗೊತ್ತಿಲ್ಲದ ಮಕ್ಕಳು ಕೊಳೆತ ಎಲೆ, ಗೊಬ್ಬರ ಕೆದಕಿದ ಕೆಲವೇ ದಿನಗಳಲ್ಲಿ ಏದುಸಿರು ಬಿಡುತ್ತ ಆಸ್ಪತ್ರೆ ಸೇರಿದ್ದುಂಟು. ಒಂದೇ ಸಲಕ್ಕೆ ಅಷ್ಟೊಂದು ಬೀಜಕಣಗಳು ಎದೆಗೆ ಹೋಗಿರುತ್ತವೆ. ತಿಪ್ಪೆಯನ್ನು ಊರಾಚೆ ಹಾಕಲು ಎಲ್ಲರಿಗೂ ಆಗುವುದಿಲ್ಲ. ಗೊಬ್ಬರ ಗಾಡಿಗೆ ತುಂಬುವ ದಿನ ಹುಡುಗನನ್ನು ಅಜ್ಜಿಯ ಮನೆಗೆ ಕಳಿಸುವುದಂತೂ ಆಗುತ್ತದೆ.